ಕಿವಿ ಮುಟ್ಟಿದ ಕೂದಲು

ನನ್ನ ಅಪ್ಪನಿಗೆ,

ನೀನು ಹೋದ ಮೇಲೆ ಇವತ್ತೇ ಮೊದಲು ಅಂಗಡಿ ತೆಗೆದದ್ದು. ಕನ್ನಡಿಗಳ ಧೂಳು ಒರೆಸಿದೆ, ನೀರು ಚಿಮುಕಿಸುವ ಬಾಟಲಿ ತುಂಬಿಸಿಟ್ಟೆ. ಬಾಗಿಲ ಪಕ್ಕದ ನಿನ್ನ ಕುರ್ಚಿಯಲ್ಲಿ ಮಾತ್ರ ಯಾರನ್ನೂ ಕೂರಿಸಲಿಲ್ಲ. ಬಂದವರಿಗೆಲ್ಲ ಒಳಗಿನ ಕುರ್ಚಿ ತೋರಿಸಿದೆ. ಯಾಕೆಂದು ಯಾರೂ ಕೇಳಲಿಲ್ಲ. ಎದುರಿಗಿದ್ದಾಗ ನಿನ್ನ ಜೊತೆ ನಾಲ್ಕು ಮಾತಾಡದವನು ಈಗ ಪತ್ರ ಬರೆಯಲು ಕೂತಿದ್ದೇನೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನ ಬರಹ, ಸಹಿಸಿಕೋ.

ಗಿರಾಕಿಗಳು ಬರುತ್ತಿದ್ದದ್ದು ನಿನ್ನ ಕತ್ತರಿಗಿಂತ ನಿನ್ನ ಬಾಯಿಗಾಗಿ. ನನ್ನ ಕಡೆ ಕೈ ತೋರಿಸಿ ನೀನು ಹೇಳುತ್ತಿದ್ದೆ: "ಇವನೊಬ್ಬ ಗುಮ್ಮನಗುಸುಕ. ಇವನ ಹತ್ರ ಕೂತ್ರೆ ಕೂದಲು ಮಾತ್ರ ಕಡಿಮೆ ಆಗುತ್ತೆ. ನನ್ನ ಹತ್ರ ಚಿಂತೇನೂ ಕಡಿಮೆ ಆಗುತ್ತೆ."

ಕ್ಯಾನ್ಸರ್ ಎಂದು ಡಾಕ್ಟರು ಹೇಳಿದಾಗಲೂ ನೀನು ಕೇಳಿದ್ದು ಒಂದೇ, ಉದುರಿದ ಕೂದಲು ಮತ್ತೆ ಬರುತ್ತದಾ ಎಂದು. ಬರುತ್ತದೆ ಎಂದರು. ಅಷ್ಟಕ್ಕೇ ನಿನ್ನ ಮುಖ ಅರಳಿತು. ಇವರಿಗೆ ಜೀವಕ್ಕಿಂತ ಕ್ರಾಪೇ ಹೆಚ್ಚಾಯಿತು ಎಂದು ಬೈಯುತ್ತಲೇ ಅಮ್ಮ ಹೊರಗೆ ಬಂದು ಗೋಡೆಗೊರಗಿ ಅತ್ತಳು.

ದಿಂಬಿನ ತುಂಬ ಕೂದಲು ಬಿದ್ದಿದ್ದ ಬೆಳಿಗ್ಗೆ ನೀನೇ ಬಂದು ಬಾಗಿಲ ಪಕ್ಕದ ನಿನ್ನ ಕುರ್ಚಿಯಲ್ಲಿ ಕೂತೆ, ಪೂರ್ತಿ ಬೋಳಿಸು ಎಂದೆ. ಬೋಳಿಸಿದೆ. ಮುಗಿದ ಮೇಲೆ ಅಭ್ಯಾಸಬಲದಿಂದ ಸಣ್ಣ ಕನ್ನಡಿಯನ್ನು ನಿನ್ನ ತಲೆಯ ಹಿಂದೆ ಹಿಡಿದುಬಿಟ್ಟೆ. ತೋರಿಸುವುದಕ್ಕೆ ಏನಿತ್ತು ಅಲ್ಲಿ? ನಾಚಿಕೆಯಿಂದ ನೆಲ ನೋಡಿದೆ. ನೀನು ಗಂಭೀರವಾಗಿ ಕತ್ತು ಆ ಕಡೆ ಈ ಕಡೆ ತಿರುಗಿಸಿದೆ.

"ಹಿಂದೆ ಸ್ವಲ್ಪ ಜಾಸ್ತೀನೇ ತೆಗೆದುಬಿಟ್ಟೆ ಕಣೋ."

ಆಮೇಲೆ ಕನ್ನಡಿಯಲ್ಲೇ ನನ್ನನ್ನು ನೋಡುತ್ತ, "ಇದು ಬೆಳೆದು ಕಿವಿ ಮುಟ್ಟಿದ ದಿನ ಇದೇ ಕುರ್ಚೀಲಿ ಕೂತು ನಿನ್ನ ಕೈಲೇ ಕಟಿಂಗ್ ಮಾಡಿಸ್ಕೋತೀನಿ. ದೇವರ ಮೇಲೆ ಭಾರ ಹಾಕಿದೀನಿ, ಅವನು ಕೈ ಬಿಡಲ್ಲ" ಎಂದೆ.

ಔಷಧಿ ಹನಿಹನಿಯಾಗಿ ಇಳಿಸುವ ಆ ಕೋಣೆಗೆ ಹೋಗುವಾಗಲೆಲ್ಲ ನಿನ್ನ ಜೇಬಿನಲ್ಲಿ ಬಾಚಣಿಗೆ ಇರುತ್ತಿತ್ತು. ನರ್ಸ್ ನಕ್ಕರೆ, ನೆಂಟರು ಬರುವ ಮೊದಲೇ ಚಾಪೆ ಹಾಸಿಡಬೇಕಲ್ಲವಾ ಸಿಸ್ಟರ್ ಎನ್ನುತ್ತಿದ್ದೆ. ವಾಂತಿಗೂ ನೀನು ಜಗ್ಗಲಿಲ್ಲ. ಆದರೆ ಬೆರಳ ತುದಿಗಳು ಜೋಮು ಹಿಡಿದು, ಕತ್ತಿಯ ಅಲಗಿನ ಮೇಲೆ ಹೆಬ್ಬೆರಳಿಟ್ಟರೂ ಹರಿತ ತಿಳಿಯದೆ ಹೋದ ದಿನ ಕತ್ತಿಯನ್ನು ನನ್ನ ಕೈಗೆ ಕೊಟ್ಟು ಸುಮ್ಮನೆ ಬೆಂಚಿನ ಮೇಲೆ ಕೂತೆ. ಆ ಒಂದು ದಿನ ನಮ್ಮ ಅಂಗಡಿಯಲ್ಲಿ ಮಾತಿರಲಿಲ್ಲ.

ಔಷಧಿಯ ಸರದಿಗಳೆಲ್ಲ ಮುಗಿದ ಮೇಲೆ ಕೂದಲು ಬಂತು. ಎಳೆಮಗುವಿನದರಂತೆ ಮೆತ್ತಗೆ, ಅದೂ ಗುಂಗುರು. ಗಿರಾಕಿಗಳಿಗೆಲ್ಲ ತಲೆ ಬಗ್ಗಿಸಿ ಮುಟ್ಟಿಸಿದೆ ನೀನು. ಅದು ಕಿವಿಗೆ ಇನ್ನೂ ಎರಡು ಬೆರಳು ಮೇಲಿರುವಾಗಲೇ ರೋಗ ಮರಳಿತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಮತ್ತೆ ಆ ಔಷಧಿ ಬೇಡ, ನೋವಿಗೆ ಮಾತ್ರ ಕೊಡೋಣ ಎಂದರು. ಮತ್ತೆ ಆ ಔಷಧಿ ಕೊಡದ್ದರಿಂದ ಕೂದಲು ಬೆಳೆಯುತ್ತಲೇ ಹೋಯಿತು. ನೀನು ಅದನ್ನೇ ಗುಣವೆಂದು ನಂಬಿದೆ. ನಾನು ದಿನವೂ ಬಾಚುತ್ತಿದ್ದೆ. ಅದು ಬೆಳೆದಷ್ಟೂ ನನ್ನ ಎದೆ ಒಡೆಯುತ್ತಿತ್ತು.

ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ಕಣ್ಣು ಮುಚ್ಚಿಕೊಂಡೇ ಕೇಳಿದೆ ನೀನು, "ಕಿವಿ ಮುಟ್ಟಿತೇನೋ?"

ಮುಟ್ಟಿತ್ತು. ಆದರೆ ಎದ್ದು ಕೂರುವ ಶಕ್ತಿಯೂ ನಿನಗಿರಲಿಲ್ಲ. ಕುರ್ಚಿಯವರೆಗೆ ಹೇಗೆ ಕರೆದೊಯ್ಯಲಿ?

"ಇನ್ನೂ ಸ್ವಲ್ಪ ಇದೆ ಅಪ್ಪ."

ನೀನು ಕೈಯೆತ್ತಿ ಕಿವಿಯ ಮೇಲೆಲ್ಲ ಆಡಿಸಿದೆ. ಆಮೇಲೆ ನಕ್ಕೆ. "ಬೆರಳಿಗೆ ಗೊತ್ತಾಗಲ್ಲ. ಕಿವಿಗೆ ಗೊತ್ತಾಗುತ್ತೆ ಕಣೋ." ನಾನು ಅತ್ತಾಗ ನೀನೇ ಸಮಾಧಾನ ಮಾಡಿದೆ. "ಇರ್ಲಿ ಬಿಡು. ನೀನು ಹೇಳಿದ ಹಾಗೇ ಆಗ್ಲಿ. ಇನ್ನೂ ಸ್ವಲ್ಪ ಬೆಳೀಲಿ."

ನೀನು ಹೋದ ದಿನ, ಆಸ್ಪತ್ರೆಯಿಂದ ನಿನ್ನನ್ನು ಮನೆಗೆ ತಂದು ಮಲಗಿಸಿದಾಗ, ಕೂದಲು ಸ್ವಲ್ಪ ಚೆಂದ ಮಾಡಪ್ಪ ಎಂದರು ಯಾರೋ. ಕತ್ತರಿ ಮುಟ್ಟಲಿಲ್ಲ ನಾನು. ನಿನ್ನ ಜೇಬಿನ ಬಾಚಣಿಗೆಯಿಂದಲೇ ಬಾಚಿದೆ. ಕಿವಿಯ ಮೇಲೆ ಬಿದ್ದಿದ್ದ ಗುಂಗುರನ್ನು ಎತ್ತಿ, ಮುಟ್ಟದ ಹಾಗೆ ಹಿಂದಕ್ಕೆ ಸರಿಸಿದೆ.

ಇನ್ನೂ ಸ್ವಲ್ಪ ಇದೆ ಅಪ್ಪ. ಕುರ್ಚಿ ಒರೆಸಿಟ್ಟಿದ್ದೇನೆ. ಇರುವಲ್ಲಿಂದಲೇ ನನ್ನ ಕೈ ನಡುಗದಂತೆ ಹರಸು. ನೀನು ಅಲ್ಲಿ ನೋವಿಲ್ಲದೆ ಮಲಗು.

ನಿನ್ನ ಗುಮ್ಮನಗುಸುಕ