ತಂಗಿಯ ಅರ್ಜಿಗೆ ಅಕ್ಕನ ಟೋಕನ್

ವರ್ಗಾವಣೆ ಜಾಲತಾಣದ ಹೊಣೆ ಹೊತ್ತ ಮಾನ್ಯರೇ,

ಕಳೆದ ಸೋಮವಾರ ನಾನು ಬೇರೊಬ್ಬರ ಅರ್ಜಿಯನ್ನು ರದ್ದು ಮಾಡಿದೆ. ತಮ್ಮ ಜಾಲತಾಣ ತಡೆಯುವುದಿರಲಿ, "ಧನ್ಯವಾದಗಳು" ಎಂದಿತು. ಆ ಅರ್ಜಿ ನನ್ನ ಒಡಹುಟ್ಟಿದ ತಂಗಿಯದು.

ನಾವಿಬ್ಬರೂ ನರ್ಸುಗಳು. ದೊಡ್ಡಾಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಖಾಲಿಯಿದ್ದದ್ದು ಒಂದೇ ಹುದ್ದೆ. ಇಬ್ಬರೂ ಅರ್ಜಿ ಹಾಕಿದ್ದೆವು. ಹೊಟ್ಟೆಕಿಚ್ಚು ನನಗೆ ಹೊಸದೇನಲ್ಲ. ಚಿಕ್ಕಂದಿನಲ್ಲಿ ನಾನು ಉಟ್ಟು ಬಿಟ್ಟ ಲಂಗ ಅವಳ ಮೈಮೇಲೆ ಹೊಸದರಂತೆ ಕಾಣುತ್ತಿತ್ತು. ಸೇವೆಯಲ್ಲಿ ಅವಳಿಗಿಂತ ಆರು ವರ್ಷ ಹಿರಿಯಳು ನಾನು. ಅಳುವ ಮಗು ಸುಮ್ಮನಾಗುವುದು ಮಾತ್ರ ಅವಳ ಕೈಯಲ್ಲೇ.

ಊಟದ ಬಿಡುವಿನಲ್ಲಿ ನಮ್ಮ ನರ್ಸುಗಳ ಕೋಣೆಯ ಕಂಪ್ಯೂಟರಿನಲ್ಲಿ ನನ್ನ ಅರ್ಜಿ ತೆರೆದೆ. ಪುಟದ ವಿಳಾಸದ ತುದಿಯಲ್ಲಿ ನನ್ನ ಅರ್ಜಿಯ ಸಂಖ್ಯೆಯಿತ್ತು. ಅರ್ಜಿ ಹಾಕಿದ ದಿನ ನಾನೆದ್ದ ಕುರ್ಚಿಯಲ್ಲೇ ಕೂತು, ನನ್ನ ಹಿಂದೆಯೇ ಅರ್ಜಿ ತುಂಬಿದವಳು ತಂಗಿ; ಮುಂದಿನ ಸಂಖ್ಯೆ ಅವಳದೇ ಇರಬೇಕು. ಸಂಖ್ಯೆಗೆ ಒಂದು ಕೂಡಿಸಿದೆ. ಅವಳ ಅರ್ಜಿ ಬಂತು, 'ರದ್ದು ಮಾಡಿ' ಎಂಬ ಗುಂಡಿಯ ಸಮೇತ. ಒತ್ತಿಬಿಟ್ಟೆ.

ಆಮೇಲೆ ತಿಳಿದವರನ್ನು ಕೇಳಿದೆ. ಲಾಗಿನ್ ಆದಾಗ ತಮ್ಮ ಯಂತ್ರ ನಾವು ಯಾರೆಂದು ಹೇಳುವ ಒಂದು ಟೋಕನ್ ಕೊಡುತ್ತದಂತೆ. ನಾವು ಏನು ಕೋರಿದರೂ ಅದು ಜೊತೆಗೆ ಹೋಗುತ್ತದಂತೆ. ನನ್ನದೂ ಹೋಗಿತ್ತು. "ಟೋಕನ್ ಅಸಲಿಯೇ?" ಎಂದು ನೋಡಿದ ಯಂತ್ರ, "ಈ ಅರ್ಜಿ ಇವಳದೇ?" ಎಂದು ಮಾತ್ರ ಕೇಳಲಿಲ್ಲ. ಗೇಟಿನಲ್ಲಿ ಗುರುತಿನ ಚೀಟಿ ತೋರಿಸಿದವರಿಗೆಲ್ಲ ನಾವು ಔಷಧದ ಬೀರು ತೆರೆದಿಡುತ್ತೇವೆಯೇ? ಎಲ್ಲರೂ ಒಳ್ಳೆಯವರೆಂದು ನಂಬಿದಿರೋ? ಆ ಎಲ್ಲರಲ್ಲಿ ನಾನೂ ಇದ್ದೆನಲ್ಲ, ಸ್ವಾಮಿ!

ಮರುದಿನ ತಂಗಿ ಅಳುತ್ತ ಬಂದಳು. ಕೊನೆಯ ದಿನಾಂಕ ಮುಗಿದಿತ್ತು.

"ಅಕ್ಕಾ, ನಾನು ಮುಟ್ಟೇ ಇಲ್ಲ ಕಣೇ, ಅರ್ಜಿ ರದ್ದಾಗಿದೆ!"

"ಯಾರೋ ಆಗದವರು ಮಾಡಿರ್ಬೇಕು," ಎಂದೆ.

"ನನಗ್ಯಾರಿದಾರೆ ಆಗದವರು? ನೀನು ಚೆನ್ನಾಗಿ ಬರೀತೀಯ, ಒಂದು ದೂರು ಬರ್ಕೊಡೇ."

ಆ ದೂರೇ ಇದು. ಅವಳ ಅರ್ಜಿಯನ್ನು ಮತ್ತೆ ಸೇರಿಸಿ, ನನ್ನದನ್ನು ಕಿತ್ತುಹಾಕಿ, ನನ್ನ ಮೇಲೆ ಕ್ರಮ ಕೈಗೊಳ್ಳಿ. ನೋಡಲಿ, ತಿದ್ದಲಿ, ರದ್ದು ಮಾಡಲಿ, ಪ್ರತಿ ಸಲವೂ ಟೋಕನ್ ಹಿಡಿದವರಿಗೆ ಆ ಹಕ್ಕಿದೆಯೇ ಎಂದು ಪರೀಕ್ಷಿಸಿ. ಹುದ್ದೆ ಅವಳಿಗೆ ಸಿಕ್ಕರೆ ನನ್ನ ಹೊಟ್ಟೆ ಇನ್ನೂ ಉರಿಯುತ್ತದೆ, ಅದನ್ನೂ ಮುಚ್ಚಿಡುವುದಿಲ್ಲ.

ಇಲ್ಲಿಯವರೆಗೆ ಬರೆದದ್ದನ್ನು ಮೊದಲು ಓದಿದವಳು ಅವಳೇ. ಹಾಳೆಯನ್ನು ಮಡಿಸಿ ನನ್ನ ಮುಂದಿಟ್ಟು, "ಕಳಿಸಿ," ಎಂದಳು. ಹುಟ್ಟಿದಾಗಿನಿಂದ ಇದೇ ಮೊದಲು, ನನಗೆ ಅವಳಿಂದ ಬಹುವಚನ.

ಇಂತಿ,
ತಮ್ಮ ಯಂತ್ರ ಕಣ್ಣುಮುಚ್ಚಿ ನಂಬಿದ ಒಬ್ಬ ಅಕ್ಕ