ಬೋರ್ಡು ಎಂದರೆ ಹಲಗೆ, ಅವ್ವ

ಚಾಮರಾಜಪುರಂ, ಮೈಸೂರು
ಭಾನುವಾರ, ೧೦ ನವೆಂಬರ್ ೧೯೫೭

ಮಂಡಕಳ್ಳಿಯಲ್ಲಿರುವ ನನ್ನ ಅವ್ವ ಬೀರಮ್ಮನಿಗೂ, ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿರುವ ಅಪ್ಪನಿಗೂ ನಿಮ್ಮ ಭಾಗ್ಯ ಮಾಡುವ ನಮಸ್ಕಾರ.

ನಾನು ಕ್ಷೇಮ, ನಿಮ್ಮ ಕ್ಷೇಮ ತಿಳಿಸಿ ಎಂದು ಕಾಗದ ಶುರು ಮಾಡಬೇಕೆಂದು ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದರು. ಕ್ಷೇಮವಾಗಿದ್ದೇನೋ ಇಲ್ಲವೋ ನನಗೇ ತಿಳಿಯದು. ಅದನ್ನು ಬಿಟ್ಟು ವಿಷಯಕ್ಕೆ ಬರುತ್ತೇನೆ.

ಈ ಹಾಸ್ಟೆಲಿನವರು ಕೊಡುತ್ತೇವೆಂದದ್ದು: ಮಲಗಲು ಜಾಗ, ಬೆಳಗಿನ ತಿಂಡಿ, ಎರಡು ಹೊತ್ತು ಊಟ, ಓದಲು ದೀಪ, ಟೀಚರ್ ಟ್ರೈನಿಂಗು ಮುಗಿಯುವತನಕ ಎರಡು ವರ್ಷ ಯಾರೂ ಎಬ್ಬಿಸಬಾರದ ಒಂದು ಸೀಟು. ಕೊಟ್ಟದ್ದು: ಜಾಗ, ತಿಂಡಿ, ಊಟ, ದೀಪ. ಕೊಡದೆ ಇದ್ದದ್ದು: ಊಟದ ಕೋಣೆಯೊಳಗೆ ಕಾಲಿಡುವ ಹಕ್ಕು, ಕೂರಲು ಒಂದು ಮಣೆ, ನೀರಿನ ಹಂಡೆ ಮುಟ್ಟುವ ಸ್ವಾತಂತ್ರ್ಯ. ಸೀಟು ಉಳಿಯುತ್ತದೋ ಹೋಗುತ್ತದೋ ಮುಂದಿನ ವಾರ ಗೊತ್ತಾಗುತ್ತದೆ.

ಅವ್ವ, ಇದನ್ನು ಕೇಳಿ ನೀನೀಗ ಕಾಗದ ಓದುತ್ತಿರುವ ಮೇಷ್ಟ್ರ ಮುಖ ನೋಡುತ್ತಿರುತ್ತೀಯ. ಜೂನಿನಿಂದ ನಾಲ್ಕು ಕಾಗದ ಬರೆದೆ. ನಾಲ್ಕರಲ್ಲೂ, ಮೂವತ್ತೆರಡು ಹುಡುಗಿಯರ ಸಾಲಿನಲ್ಲಿ ಕೂತು ಉಣ್ಣುತ್ತೇನೆ ಎಂದಿದ್ದೆ. ಅದು ಸುಳ್ಳು. ಆ ಸುಳ್ಳನ್ನು ನಿಜವೆಂದು ನಂಬಿ ನೀನು ಕೇರಿಯಲ್ಲೆಲ್ಲ "ನನ್ ಮಗ್ಳು ಎಲ್ಲಾರ್ ಜೊತೇಲೇ ಮಣೆ ಮ್ಯಾಲೆ ಕೂತ್ ಉಣ್ತಾವ್ಳೆ ಕಣ್ರಮ್ಮಿ" ಎಂದು ಸಾರಿಕೊಂಡು ಬಂದೆಯಂತೆ. 

ಶಿವಮಲ್ಲಪ್ಪ ಮೇಷ್ಟ್ರೇ, ಒಂದು ಮಾತು ನಿಮಗೆ. ಸ್ಕೂಲಿನ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು, ಕೆಳಗೆ ಅಂಗಳದಲ್ಲಿ ಕೂತ ಅವ್ವ ಅಪ್ಪನಿಗೆ ಇದನ್ನು ಓದಿ ಹೇಳುತ್ತಿದ್ದೀರಿ. ಕೇರಿಯ ಎಲ್ಲ ಕಾಗದಕ್ಕೂ ನೀವೇ ಬಾಯಿ. ನೋವಿನ ಸಾಲು ಬಂದರೆ ಹಾರಿಸಿ ಓದುತ್ತೀರೆಂದು ನನಗೆ ಗೊತ್ತು. ಚೆಲುವಯ್ಯ ಮಾವ ಕಾಯಿಲೆ ಬಿದ್ದಾಗ ಬಂದ ಕಾಗದವನ್ನು ನಾನು ಆಮೇಲೆ ಮನೆಯಲ್ಲಿ ಕೂತು ಓದಿದೆ. "ಜ್ವರ ಬಿಡುತ್ತಿಲ್ಲ, ನೋಡಬೇಕೆಂದರೆ ಬೇಗ ಬನ್ನಿ" ಎಂದು ಅದರಲ್ಲಿತ್ತು. ನಿಮ್ಮ ಬಾಯಲ್ಲಿ ಅದು ಬಂದಿರಲಿಲ್ಲ. ಒಳ್ಳೆಯದಕ್ಕೇ ಹಾಗೆ ಮಾಡಿದಿರಿ. ಈ ಸಲ ದಯವಿಟ್ಟು ಒಂದಕ್ಷರ ಹಾರಿಸಬೇಡಿ.

ಬಂದ ಮೊದಲ ದಿನವೇ ವಾರ್ಡನ್ ಸರೋಜಮ್ಮನವರು ಊಟಕ್ಕೆ ನನ್ನನ್ನು ಹಾಸ್ಟೆಲಿನ ಹಿಂದಿನ ಜಗಲಿಗೆ ಕರೆದುಕೊಂಡು ಹೋದರು. ಕೆಟ್ಟವರಲ್ಲ. ತಲೆಗೆ ಎಣ್ಣೆ ಕೊಟ್ಟಿದ್ದಾರೆ, ಅನ್ನಕ್ಕೆ ಬೇರೆಯವರಿಗಿಂತ ಒಂದು ತೊಟ್ಟು ತುಪ್ಪ ಜಾಸ್ತಿಯೇ ಹಾಕುತ್ತಾರೆ, ತಟ್ಟೆಗೆ ತಗುಲದ ಹಾಗೆ ಮೇಲಿಂದ. "ಇಲ್ಲಿ ತಂಪಾಗಿರುತ್ತೆ ಕಣಮ್ಮ, ಇಲ್ಲೇ ಕೂತ್ಕೊ" ಅಂದರು. ಯಾಕೆ ಎಂದು ಕೇಳಿದೆ. "ನಂದೇನಿದೆ ತಾಯಿ, ಬೋರ್ಡು ಹೇಳ್ದಂಗೆ" ಅಂದರು.

ಆ ಬೋರ್ಡನ್ನು ಹುಡುಕಿಕೊಂಡು ಹೊರಟೆ. ಗೇಟಿನ ಜವರಪ್ಪನನ್ನು ಕೇಳಿದರೆ, "ನೆತ್ತಿ ಮ್ಯಾಲೇ ಐತಲ್ಲವ್ವ, ಕಾಣಕಿಲ್ವಾ?" ಎಂದು ಹಸಿರು ಬಣ್ಣದ ಹೆಸರಿನ ಹಲಗೆ ತೋರಿಸಿ ನಕ್ಕ. ಒಳಗೆ ನೋಟೀಸು ಬೋರ್ಡು ಇತ್ತು. ಅದರಲ್ಲಿ, ಬೋರ್ಡಿಂಗಿನ ಹುಡುಗಿಯರೆಲ್ಲ ಬೋರ್ಡಿನ ತೀರ್ಮಾನಕ್ಕೆ ಬದ್ಧರು ಎಂದು ಅಂಟಿಸಿತ್ತು. ಟ್ರೈನಿಂಗ್ ಸ್ಕೂಲಿಗೆ ಹೋದರೆ ಅಲ್ಲಿ ನನಗೆ ಕಪ್ಪು ಬೋರ್ಡು ಒರೆಸುವ ಕೆಲಸ. ಎಲ್ಲಿ ನೋಡಿದರೂ ಬೋರ್ಡೇ, ಮಾತಾಡೋಣ ಎಂದರೆ ಒಂದಕ್ಕೂ ಬಾಯಿಲ್ಲ. ಐದು ಜನ ದೊಡ್ಡ ಮನುಷ್ಯರು ತಿಂಗಳಿಗೊಮ್ಮೆ ಆಫೀಸಿನ ಉದ್ದ ಮೇಜಿನ ಸುತ್ತ ಕೂರುತ್ತಾರೆ, ಅವರೇ ಬೋರ್ಡು ಎಂದು ತಿಳಿಯಲು ನನಗೆ ಮೂರು ವಾರ ಹಿಡಿಯಿತು.

ಜುಲೈಯಲ್ಲಿ ಒಂದು ಕಾಗದ ಬಂತು. ಸರ್ಕಾರದಿಂದ ಇನ್ಸ್‌ಪೆಕ್ಟರು ಬರುವವರಿದ್ದರು. ಹಾಗೆಲ್ಲ ದೂರ ಕೂರಿಸಬಾರದೆಂದು ಕಾನೂನು ಬಂದು ಎರಡು ವರ್ಷವಾಗಿದೆ. ನಮ್ಮಂಥವರು ಒಬ್ಬಿಬ್ಬರು ಇಲ್ಲದಿದ್ದರೆ ಇವರಿಗೆ ಗ್ರ್ಯಾಂಟೂ ಇಲ್ಲ. ಹುಡುಗಿಯೂ ಇರಬೇಕು, ಮಣೆಯ ಮಡಿಯೂ ಉಳಿಯಬೇಕು. ಅದಕ್ಕೆ ಈ ಕಾಗದ: "ನಾನು ನನ್ನ ಸ್ವಂತ ಇಚ್ಛೆಯಿಂದ ಪ್ರತ್ಯೇಕವಾಗಿ ಊಟ ಮಾಡುತ್ತೇನೆ. ಇದರಲ್ಲಿ ಯಾರ ಒತ್ತಾಯವೂ ಇಲ್ಲ." ಅಚ್ಚ ಕನ್ನಡದಲ್ಲೇ ಇತ್ತು. ಎರಡು ಸಲ ಓದಿದೆ. ರುಜು ಹಾಕಿದರೆ ಸೀಟು ಭದ್ರ, ಇಲ್ಲದಿದ್ದರೆ ಬೋರ್ಡು ಯೋಚನೆ ಮಾಡಬೇಕಾಗುತ್ತದೆ ಎಂದರು ಸರೋಜಮ್ಮನವರು.

ಹಾಕಿದೆ, ಅವ್ವ. ತಿಳಿಯದೆ ಹಾಕಲಿಲ್ಲ. ಯಾರೂ ಕೈ ಹಿಡಿದು ಬರೆಸಲಿಲ್ಲ. ನಿನ್ನ ಮಗಳು ಕಣ್ಣು ಬಿಟ್ಟುಕೊಂಡೇ ಹಾಕಿದಳು. ಟೀಚರಾಗಿ ಕೈಗೆ ಕೆಲಸ ಬಂದ ಮೇಲೆ ಎಲ್ಲ ನೋಡಿಕೊಂಡರಾಯಿತು ಎಂದುಕೊಂಡೆ.

ದಸರಾ ರಜೆ ಮುಗಿದ ಮೇಲೆ ದಟ್ಟಗಳ್ಳಿಯ ತಿಮ್ಮಮ್ಮ ಬಂದಳು. ನಮ್ಮವಳೇ. ಹದಿನೇಳು ವರ್ಷ, ಕಡ್ಡಿಯಂಥ ಮೈ, ಬಾಯಿ ಮಾತ್ರ ಜೋರು. ಹೋದ ಸೋಮವಾರ ಅವಳ ಮುಂದೆಯೂ ಅದೇ ಕಾಗದ ಇಟ್ಟರು. ಹಾಕುವುದಿಲ್ಲ ಅಂದಳು. ಸರೋಜಮ್ಮನವರು ನನ್ನ ಫೈಲು ಬಿಚ್ಚಿ, "ನೋಡಮ್ಮ, ನಿಮ್ ಭಾಗ್ಯಮ್ಮನೇ ಹಾಕಿದಾಳೆ, ನಿನಗೇನು ಬಂತು ದೊಡ್ಡ ರೋಗ?" ಎಂದು ನನ್ನ ರುಜು ತೋರಿಸಿದರು. ನಾನು ಅಲ್ಲೇ ನಿಂತಿದ್ದೆ. ತಿಮ್ಮಮ್ಮ ಕಾಗದ ನೋಡಲಿಲ್ಲ, ನನ್ನನ್ನು ನೋಡಿದಳು. "ಯಾಕಕ್ಕ ಹಾಕ್ಬುಟ್ಟೆ? ನಿಂಗೆ ಅವ್ರ್ ಜೊತೆ ಉಣ್ಣಕ್ಕೆ ಇಷ್ಟ ಇರ್ನಿಲ್ವಾ?" ಎಂದು ಕೇಳಿದಳು. ಕೊಂಕಿರಲಿಲ್ಲ ಆ ಮಾತಿನಲ್ಲಿ. ನಿಜವಾಗಿಯೂ ಗೊತ್ತಾಗದೆ ಕೇಳಿದಳು. 

ಅವತ್ತಿನಿಂದ ಅವಳು ಊಟದ ಹೊತ್ತಿಗೆ ಖಾಲಿ ತಟ್ಟೆ ಹಿಡಿದು ಊಟದ ಕೋಣೆಯ ಹೊಸ್ತಿಲ ಹತ್ತಿರ ನಿಲ್ಲುತ್ತಾಳೆ. ಒಳಗೂ ಇಲ್ಲ, ಹಿಂದಿನ ಜಗಲಿಗೂ ಬರುವುದಿಲ್ಲ. ಎಲ್ಲರ ಊಟ ಮುಗಿದ ಮೇಲೆ ತಟ್ಟೆಯನ್ನು ಹಾಗೇ ಎತ್ತಿಟ್ಟು, ಅಂಗಡಿಯ ಹುರಿಗಡಲೆ ತಿಂದು ನೀರು ಕುಡಿಯುತ್ತಾಳೆ. ಹೊಸ್ತಿಲ ಆಚೆ ಅವಳು ನಿಂತಿರುವುದು ಜಗಲಿಯಲ್ಲಿ ಕೂತ ನನಗೆ ಕಾಣುತ್ತದೆ. ನನ್ನ ತಟ್ಟೆಯಲ್ಲಿ ತುಪ್ಪ ಹಾಕಿದ ಅನ್ನ.

ನಿನ್ನೆ ಶನಿವಾರ, ಸ್ಕೂಲು ಅರ್ಧ ದಿನ. ಊಟಕ್ಕೆ ಹೋಗಲಾರದೆ ಲೈಬ್ರರಿಯಲ್ಲಿ ಕೂತೆ. ಅಲ್ಲಿ ದಿಂಬಿನಷ್ಟು ದಪ್ಪದ ಇಂಗ್ಲಿಷ್ ನಿಘಂಟು ಇದೆ. ಜೂನಿನಿಂದ ನನ್ನನ್ನು ಆಡಿಸುತ್ತಿರುವ ಈ ಬೋರ್ಡು ಯಾವನೋ ನೋಡಿಯೇ ಬಿಡೋಣ ಎಂದು ತೆಗೆದೆ. ನನ್ನ ಇಂಗ್ಲಿಷು ಅಷ್ಟಕ್ಕಷ್ಟೇ. ಸಾಲಿನ ಕೆಳಗೆ ಬೆರಳಿಟ್ಟು ಓದಿದೆ. ಅದೊಂದು ಮಾತಿಗೆ ಎರಡು ಕಾಲಂ ತುಂಬ ಅರ್ಥ. ಎಲ್ಲಕ್ಕಿಂತ ಹಳೆಯದು ಯಾವುದು ಗೊತ್ತೇ? ಕುಯ್ದ ಹಲಗೆ. ಬೋರ್ಡು ಎಂದರೆ ಹಲಗೆ, ಅವ್ವ. ಅಷ್ಟೇ. ಸಾವಿರ ವರ್ಷಕ್ಕೂ ಹಿಂದಿನ ಮಾತಂತೆ. ಆ ಹಲಗೆಗೆ ಕಾಲು ಕೊಟ್ಟು ಊಟದ ಮೇಜು ಮಾಡಿದರು, ಆ ಮೇಜೂ ಬೋರ್ಡು. ಮೇಜಿನ ಮೇಲೆ ಬಡಿಸಿದ ಊಟವೂ ಬೋರ್ಡು, ಅದಕ್ಕೇ ಊಟ ಹಾಕುವ ಜಾಗ ಬೋರ್ಡಿಂಗು. ಅದೇ ಮೇಜಿನ ಸುತ್ತ ಕೂತು ತೀರ್ಮಾನ ಹೇಳುವವರೂ ಬೋರ್ಡು. ಬಟ್ಟಲು ಇಡುವ ಹಲಗೆ ಕಪ್‌ಬೋರ್ಡು. ಹಡಗಿನ ಪಕ್ಕೆಯೂ ಬೋರ್ಡು. ಇಸ್ಪೀಟು ಆಡುವವನ ಕೈ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತಿದ್ದರೆ ಅದು ಮೋಸವಿಲ್ಲದ ಆಟ. ಅದಕ್ಕೂ ಈ ಮಾತನ್ನೇ ಸೇರಿಸಿ "ಅಬವ್ ಬೋರ್ಡ್" ಎಂದು ಹೇಳುತ್ತಾರೆ.

ಓದುತ್ತಾ ಓದುತ್ತಾ ನನಗೆ ಅಪ್ಪ ಕಂಡರು. ಟಿಂಬರ್ ಯಾರ್ಡಿನ ಗುಂಡಿ, ಅದರ ಮೇಲೆ ಅಡ್ಡ ಮಲಗಿಸಿದ ದಿಮ್ಮಿ, ಮೇಲೊಬ್ಬ ಗರಗಸ ಹಿಡಿದು ಗೀಟು ನೋಡಿಕೊಂಡು ಎಳೆಯುವುದು, ಗುಂಡಿಯೊಳಗಿನಿಂದ ಅಪ್ಪ ಎಳೆಯುವುದು. ಇಪ್ಪತ್ತೆರಡು ವರ್ಷ ಮರದ ಹೊಟ್ಟು ಎಲ್ಲ ಅಪ್ಪನ ಕಣ್ಣಿಗೇ. ಸಂಜೆ ಮನೆಗೆ ಬಂದು ರೆಪ್ಪೆ ಉಜ್ಜಿಕೊಂಡು, "ಇವತ್ತು ಹಲಸಿನ ಮರದ ಊಟ ಕಣಮ್ಮಿ, ರುಚಿಯಾಗಿತ್ತು" ಎಂದು ನನ್ನನ್ನು ನಗಿಸುತ್ತಿದ್ದರು. ಈಗ ಆ ಕಣ್ಣಿಗೆ ನನ್ನ ಮುಖವೂ ಮಂಜು.

ಇಲ್ಲಿಯ ಮಣೆಗಳೂ ಹಲಸಿನವೇ. ಊಟವಾದ ಮೇಲೆ ತೊಳೆದು ಗೋಡೆಗೆ ಒರಗಿಸುತ್ತಾರೆ, ಬೆನ್ನು ಆಚೆ ಮಾಡಿ. ಬೆನ್ನಿನ ಮೇಲೆ ಗರಗಸದ ಗೆರೆಗಳು ಹಾಗೇ ಇವೆ. ಅವುಗಳಲ್ಲಿ ಅಪ್ಪ ಕುಯ್ದ ಹಲಗೆ ಇದೆಯೋ ಇಲ್ಲವೋ ನನಗೇನು ಗೊತ್ತು? ಇದ್ದರೆ ನನ್ನ ಸಿಟ್ಟು ಹೆಚ್ಚಾಗಬೇಕೆ? ಇಲ್ಲದಿದ್ದರೆ ಕಡಿಮೆಯಾಗಬೇಕೆ? ಯಾರಪ್ಪ ಕುಯ್ದರೇನು? ಯೋಚಿಸಿ ಯೋಚಿಸಿ ತಲೆ ಕೆಟ್ಟಿದೆ.

ನಿಘಂಟು ಬರೆದವನಿಗೂ ಕೊನೆಗೆ ನನ್ನಂತೆಯೇ ಗೊಂದಲ. ಹಲಗೆ ಎಂಬ ಮಾತು ಒಂದು, ಅಂಚು ಎಂಬ ಮಾತು ಇನ್ನೊಂದು, ಹಿಂದೆಯೇ ಎರಡೂ ಬೆರೆತುಹೋಗಿವೆ, ಬಿಡಿಸುವುದು ಕಷ್ಟ ಎಂದು ಬರೆದಿದ್ದಾನೆ. ನನಗೆ ಕಷ್ಟವಾಗಲಿಲ್ಲ. ಹಲಗೆ ಅವರದು, ಅಂಚು ನಮ್ಮದು.

ಅವ್ವ, ನೀನು ಏನನ್ನುತ್ತೀಯೆಂದು ಗೊತ್ತು. "ಹೊಟ್ಟೆಗ್ ಹಾಕ್ತಾವ್ರಲ್ಲ, ಎಲ್ ಕೂತ್ ಉಂಡ್ರೇನು, ತೆಪ್ಪಗೆ ಓದು" ಅನ್ನುತ್ತೀಯ. ನಿನ್ನ ಮಾತು ತಪ್ಪೆಂದು ಹೇಳುವ ಧೈರ್ಯವೂ ನನಗಿಲ್ಲ. ನಾಟಿ ಮಾಡಿ ಬೆನ್ನು ಬಗ್ಗಿಸಿಕೊಂಡು ನನ್ನನ್ನು ಓದಿಸಿದವಳು ನೀನು. ಸೀಟು ಹೋದರೆ ನಾನು ಮಂಡಕಳ್ಳಿಗೆ ಬಂದು ನಿನ್ನ ಪಕ್ಕ ಗದ್ದೆಗೆ ಇಳಿಯಬೇಕು. ಅದಕ್ಕೆ ಹೆದರಿ ಹಾಕಿದ ರುಜು ಅದು. ಆದರೆ ನನ್ನ ಹೆದರಿಕೆಯನ್ನು ನನ್ನ ಇಚ್ಛೆ ಎಂದು ಬರೆದುಕೊಂಡು, ಅದನ್ನೇ ಹಿಡಿದು ಇನ್ನೊಂದು ಹುಡುಗಿಯ ಕೈ ಕಟ್ಟಲು ಹೊರಟಿದ್ದಾರಲ್ಲ! ನಾಳೆ ಮೂರನೆಯವಳು ಬಂದರೆ ಅವಳಿಗೂ ನನ್ನದೇ ರುಜು ತೋರಿಸುತ್ತಾರೆ. ಇದನ್ನು ನನ್ನಿಂದ ತಾಳಲಾಗುವುದಿಲ್ಲ.

ಇವತ್ತು ಬೆಳಿಗ್ಗೆ ಸರೋಜಮ್ಮನವರಿಗೆ ನನ್ನ ಕಾಗದ ವಾಪಸು ಕೊಡಿ ಎಂದೆ. "ನನ್ ಕೈಲಿಲ್ಲ ಕಣೇ, ಬೋರ್ಡಿನ ಮುಂದೆ ಹೋಗಿ ಕೇಳು" ಎಂದು ಕಣ್ಣೊರೆಸಿಕೊಂಡರು. ಯಾಕೆ ಅತ್ತರೋ ಅದೂ ತಿಳಿಯಲಿಲ್ಲ. ಕೇಳುತ್ತೇನೆ. ಆ ಉದ್ದ ಮೇಜಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಎರಡೂ ಕೈ ಇಟ್ಟು, ಇದು ನನ್ನ ಇಚ್ಛೆಯಲ್ಲ, ಯಾವತ್ತೂ ಆಗಿರಲಿಲ್ಲ ಎನ್ನುತ್ತೇನೆ. ಆಮೇಲೆ ಏನಾಗುತ್ತದೋ ಗೊತ್ತಿಲ್ಲ. ತಿಮ್ಮಮ್ಮ ಜೊತೆಗೆ ಬರುತ್ತೇನೆ ಎಂದಿದ್ದಾಳೆ. ಇವತ್ತು ಮಧ್ಯಾಹ್ನ ಅವಳ ಪಕ್ಕ ಹೊಸ್ತಿಲಲ್ಲಿ ನಾನೂ ತಟ್ಟೆ ಹಿಡಿದು ನಿಂತೆ. ಹುರಿಗಡಲೆಯಲ್ಲಿ ಅರ್ಧ ಕೊಟ್ಟಳು.

ನಿಯಮದ ಪ್ರಕಾರ ತಕರಾರು ಹೇಳುವವರು ಪೋಷಕರನ್ನು ಕರೆತರಬೇಕು. ನನ್ನ ಅರ್ಜಿಯಲ್ಲಿ ಪೋಷಕ ಎಂಬಲ್ಲಿ ಅಪ್ಪನ ಹೆಬ್ಬೆಟ್ಟು ಇಲ್ಲ. ಓದು ಬರುವವರೇ ಆಗಬೇಕೆಂದು ಅವತ್ತು ಮೇಷ್ಟ್ರು ರುಜು ಹಾಕಿದ್ದರು. ಅವರೇ ಬರಬೇಕು.

ಅಪ್ಪನ ಕಣ್ಣಿಗೆ ತಣ್ಣೀರು ಹಾಕುತ್ತಿರು. ಸುಳ್ಳು ಹೇಳಿದ್ದಕ್ಕೆ ಬೈಯಬೇಕೆನಿಸಿದರೆ ಬೈದು ಬರೆಸು.

ನಿನ್ನ ಮಗಳು,
ಭಾಗ್ಯಮ್ಮ

ತಾ. ಕ.: ಮರೆತಿದ್ದೆ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಮೇಷ್ಟ್ರೇ, ಇದನ್ನೂ ಗಟ್ಟಿಯಾಗಿಯೇ ಓದಿ. ಸೋಮವಾರ ನನ್ನ ಫೈಲು ಬಿಚ್ಚಿದಾಗ ನನ್ನ ರುಜುವಿನ ಕಾಗದದ ಕೆಳಗೆ ನಿಮ್ಮ ಶಿಫಾರಸು ಪತ್ರ ಇತ್ತು. ನಾನು ತಿದ್ದಿ ಕಲಿತ ಅದೇ ದುಂಡು ಅಕ್ಷರ. "ಹುಡುಗಿ ಜಾಣೆ, ಲೆಕ್ಕದಲ್ಲಿ ಮೊದಲಿಗಳು. ಚಿಕ್ಕಂದಿನಿಂದಲೂ ದೂರ ಕೂತು ಅಭ್ಯಾಸವಿರುವುದರಿಂದ ಹಾಸ್ಟೆಲಿಗೆ ಇವಳಿಂದ ಯಾವ ತೊಂದರೆಯೂ ಆಗುವುದಿಲ್ಲ." ನಿಮ್ಮ ಸ್ಕೂಲಿನ ಬಾಗಿಲಾಚೆ ಗೋಣಿತಾಟಿನ ಮೇಲೆ ಏಳು ವರ್ಷ ಕೂತೆನಲ್ಲ, ಅದು ನನ್ನ ಅಭ್ಯಾಸವೇ ಮೇಷ್ಟ್ರೇ? ಹೀಗೆ ಬರೆಯದಿದ್ದರೆ ನನಗೆ ಸೀಟು ಸಿಗುತ್ತಿರಲಿಲ್ಲ ಎಂದು ಬರೆದಿರೋ, ನಿಜವಾಗಿಯೂ ಹಾಗೇ ಅಂದುಕೊಂಡಿದ್ದಿರೋ? ನಿಮ್ಮ ಕಾಲಿಗೆ ಬೀಳಬೇಕೋ ಜಗಳ ಆಡಬೇಕೋ ಆರು ದಿನದಿಂದ ತಿಳಿಯುತ್ತಿಲ್ಲ. ಉತ್ತರವನ್ನು ನನಗೆ ಬರೆಯಬೇಡಿ. ಅಲ್ಲೇ ಕೆಳಗೆ ಕೂತಿದ್ದಾಳಲ್ಲ ಅವ್ವ, ಅವಳಿಗೆ ಹೇಳಿ. ನಾನು ನನ್ನ ರುಜು ವಾಪಸು ಕೇಳುತ್ತೇನೆ; ನೀವು ನಿಮ್ಮ ಸಾಲನ್ನು ವಾಪಸು ಕೇಳುವುದಾದರೆ ಬನ್ನಿ. ಬೋರ್ಡು ಸೇರುವುದು ಬರುವ ಭಾನುವಾರ, ಹದಿನೇಳನೇ ತಾರೀಖು, ಬೆಳಿಗ್ಗೆ ಹತ್ತೂವರೆಗೆ.