ಗೊಬ್ಬರ ತಿಂದ ರಾಣಿ

ಪಂಪಿನ ಮನೆ ಕಟ್ಟೆಯಿಂದ,
ಆಗಸ್ಟ್ ೧೪, ಬುಧವಾರ

ನಮ್ಮ ಬೇಕರಿ ಸಾಹೇಬರಿಗೆ,

ಹೇಗಿದ್ದೀರಿ? ಒಲೆಯ ಬಾಗಿಲು ತಗುಲಿ ಸುಟ್ಟ ಮೊಣಕೈ ಒಣಗಿತೇ? ಮುಲಾಮು ಹಚ್ಚುತ್ತಿದ್ದೀರೋ, ಮೈದಾ ಮೆತ್ತಿಕೊಂಡೇ ತಿರುಗುತ್ತಿದ್ದೀರೋ? ನಿಮ್ಮಮ್ಮ ಗಟ್ಟಿಯಾಗಿದ್ದಾರೆ. ಕಣ್ಣಿನ ಪೊರೆ ಹಾಗೇ ಇದೆ, ಬಾಯಿಗಂತೂ ಏನೂ ಆಗಿಲ್ಲ. ಇನ್ನು ನಾನು ಕೆಸರಿನಲ್ಲಿ ಕುಣಿಯುವುದೊಂದು ಬಾಕಿ. ಕಳೆ ಸೋತಿತು ರೀ, ಸೋತೇ ಹೋಯಿತು!

ಹೋದ ಸಲ ಅರ್ಧ ಬೆಳೆಯನ್ನು ಹುಲ್ಲೇ ನುಂಗಿದಾಗ ನೀವು ಹೇಳಿದ್ದಿರಿ, "ಇನ್ನೊಂದು ಬೆಳೆ ನೋಡೋಣ. ಆಗ್ಲೂ ಹುಲ್ಲೇ ಗೆದ್ರೆ ಗದ್ದೆ ಪಕ್ಕದವನಿಗೆ ಗೇಣಿಗೆ ಕೊಟ್ಟು ಇಬ್ರೂ ಇಲ್ಲಿಗೆ ಬಂದ್ಬಿಡಿ." ತಲೆಯಾಡಿಸಿದ್ದೆ. ಆದರೆ ಬೇಕರಿ ಮೇಲಿನ ಆ ಒಂದೇ ಕೋಣೆಯಲ್ಲಿ ನಿಮ್ಮಮ್ಮನನ್ನೂ ನನ್ನನ್ನೂ ಕೂಡಿಹಾಕಿದರೆ ಏನಾದೀತು, ನೀವೇ ಹೇಳಿ. ಅದಕ್ಕೇ ಈ ಸಲ ಹಟ ಹಿಡಿದೆ. ಹಲಗೆ ಎಳೆಸಿ ಗದ್ದೆ ಮಟ್ಟ ಮಾಡಿಸಿದೆ, ಹಗ್ಗ ಕಟ್ಟಿ ಸಾಲಾಗಿ ನಾಟಿ ಮಾಡಿಸಿದೆ, ನೀರು ಇಳಿಯದಂತೆ ಕಾದೆ. ಸಾಲಿನ ನಡುವೆ ತಳ್ಳಿಕೊಂಡು ಹೋಗುವ ಕಳೆಯಂತ್ರವನ್ನು ವೆಲ್ಡಿಂಗ್ ಅಂಗಡಿಯವನು ಮಾಡಿಕೊಟ್ಟ. ಅದು ಹೋದಲ್ಲೆಲ್ಲ ಪುಟ್ಟ ಹುಲ್ಲು ಬುಡಮೇಲಾಗಿ ಕೆಸರು ಸೇರಿತು. ಪಕ್ಕದವನು ಬದುವಿನ ಮೇಲೆ ನಿಂತು, "ಏನು, ಕೂಸಿನ ಗಾಡಿ ತಳ್ತಾ ಇದ್ದೀರಾ?" ಎಂದು ನಕ್ಕ. ನಗಲಿ ಬಿಡಿ. ಅವನದು ಚೆಲ್ಲಾಪಿಲ್ಲಿ ನಾಟಿ, ಯಂತ್ರ ಇಳಿಸಲು ಜಾಗವೇ ಇಲ್ಲ.

ಆದರೆ ಪೈರಿನ ಬುಡಕ್ಕೇ ಅಂಟಿಕೊಂಡ ಕಳೆಗೆ ಯಂತ್ರ ತಾಗುವುದಿಲ್ಲ, ಕೈಯಲ್ಲೇ ಕೀಳಬೇಕು. ನಗೆಪಾಟಲಾದದ್ದು ಅಲ್ಲೇ. ಮೂಲೆಯ ಒಂದು ಬುಡ ಎಲ್ಲಕ್ಕಿಂತ ಎತ್ತರವಾಗಿ ಬೆಳೆದಿತ್ತು. ನಿಮ್ಮಮ್ಮ ಅದಕ್ಕೆ ರಾಣಿ ಎಂದು ಹೆಸರಿಟ್ಟು, ದಾರಿಹೋಕರನ್ನೆಲ್ಲ ಕರೆದು ತೋರಿಸಿ, ಗೊಬ್ಬರವನ್ನೂ ಒಂದು ಹಿಡಿ ಹೆಚ್ಚಿಗೇ ಹಾಕಿದ್ದರು. ನನಗೇಕೋ ಅನುಮಾನ. ಎಲೆಯ ಸಂದು ಬಿಡಿಸಿ ನೋಡಿದೆ. ಭತ್ತಕ್ಕಾದರೆ ಅಲ್ಲಿ ಈರುಳ್ಳಿ ಸಿಪ್ಪೆಯಂಥ ತೆಳು ಪೊರೆ ಇರುತ್ತದಲ್ಲ? ರಾಣಿಗೆ ಇರಲಿಲ್ಲ, ಬರೀ ಬೋಳು. ಅಪ್ಪಟ ಕಳೆ! ಭತ್ತದ ವೇಷ ಹಾಕಿ ನಮ್ಮ ಗೊಬ್ಬರವನ್ನೇ ತಿಂದು ಕೊಬ್ಬಿತ್ತು. ಕಿತ್ತು ಅವರ ಕೈಗೆ ಕೊಟ್ಟೆ. ಬೆರಳಲ್ಲಿ ಸವರಿ ಸವರಿ ನೋಡಿ, "ಥೂ, ಮನೆಹಾಳಿ!" ಎಂದವರೇ ತೋಳೇರಿಸಿ ಗದ್ದೆಗಿಳಿದರು. ಆಮೇಲೆ ಕಣ್ಣಿನ ಗೊಡವೆಯೇ ಇಲ್ಲ, ಸಂದು ಸಂದು ತಡವಿ ಕಿತ್ತದ್ದೇ ಕಿತ್ತದ್ದು. ನಾನು ಬೇಡವೆಂದರೆ ಕೇಳುವವರೇ? ಬೀಜ ಉದುರುವ ಮಾತು ಹಾಗಿರಲಿ, ತೆನೆ ಹೊರಡುವ ಮೊದಲೇ ಅದರ ವಂಶ ಮುಗಿಯಿತು.

ಈಗ ಪೈರು ಬುಡದಲ್ಲಿ ಮರಿತೆಂಡೆ ಒಡೆದು ಒತ್ತೊತ್ತಾಗಿ ನಿಂತಿದೆ. ನೆರಳು ಬಿದ್ದ ನೀರಿನಲ್ಲಿ ಇನ್ನು ಯಾವ ಹುಲ್ಲೂ ತಲೆ ಎತ್ತುವುದಿಲ್ಲ. ನೋಡುತ್ತಿದ್ದರೆ ಹೊಟ್ಟೆಗೆ ಹಾಲು ಹುಯ್ದ ಹಾಗಾಗುತ್ತದೆ. ನೀವು ಪಕ್ಕದಲ್ಲಿಲ್ಲ ಎಂಬುದೊಂದೇ ಕೊರತೆ.

ಕೈ ಜೋಪಾನ. ನಿಮ್ಮಮ್ಮ ಆಶೀರ್ವಾದ ಕಳಿಸಿದ್ದಾರೆ, ಕಾಗದ ಬರೆಯದ್ದಕ್ಕೆ ಬೈಗುಳವನ್ನೂ.

ಕೆಸರುಗಾಲಿನ
ನಿಮ್ಮವಳು

ತಾಳಿ, ಇನ್ನೊಂದಿದೆ: ಪಕ್ಕದವನು ಈಗಷ್ಟೇ ಬಂದು ಹೋದ. ಗದ್ದೆ ಗೇಣಿಗೆ ಕೇಳಲು ಬಂದನೆಂದು ನಾನು ಜಗಳಕ್ಕೇ ಸಿದ್ಧಳಾಗಿದ್ದೆ. ಕೇಳಿದ್ದು ಬೇರೆ: ಮುಂದಿನ ಬೆಳೆಗೆ ತನ್ನ ಗದ್ದೆಯನ್ನೂ ನಾವೇ ಮಾಡುತ್ತೇವಾ ಎಂದು! ನಮ್ಮನೆಯವರನ್ನು ಕೇಳಿ ಹೇಳ್ತೀನಿ ಎನ್ನುವಷ್ಟರಲ್ಲಿ ನಿಮ್ಮಮ್ಮ ಹೂಂ ಅಂದುಬಿಟ್ಟರು. ಎರಡು ಗದ್ದೆಗೆ ನಾವಿಬ್ಬರೇ ಸಾಲುವುದಿಲ್ಲ. ಟಿಕೆಟ್ ತೆಗೆಸಿ, ಬರುವುದಕ್ಕೆ ಮಾತ್ರ.